ಎಪ್ಪತ್ತು ವರ್ಷ ತಡವಾಗಿ ಬಂದ ಆದೇಶ

ರಜೆಗೆಂದು ಬೆಂಗಳೂರಿಗೆ ಹೋದಾಗ ಅಜ್ಜಿ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರು ಎಂದು ನೀವು ಕೇಳಿರಬಹುದು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರು ಅದು. ಆದರೆ ಕಾವೇರಿ ನಗರಕ್ಕೆ ಬಂದದ್ದು 1974ರಲ್ಲಿ. ಅದಕ್ಕೂ ಮೊದಲು ಬೆಂಗಳೂರನ್ನು ಸಾಕಿದ ನದಿಯ ಹೆಸರು ಅರ್ಕಾವತಿ.

ನಂದಿಬೆಟ್ಟದಲ್ಲಿ ಹುಟ್ಟುವ ಪುಟ್ಟ ನದಿ ಇದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದ ಕೆರೆಯಿಂದ ಇದರ ನೀರನ್ನು ಕೊಳವೆಗಳ ಮೂಲಕ ನಗರಕ್ಕೆ ತಂದರು. ಅದು ಸಾಲದಾದಾಗ, ಕುಮುದ್ವತಿ ಬಂದು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯ ಕಟ್ಟಿದರು. ಅದೇ ಚಾಮರಾಜಸಾಗರ.

ಈ ಜಲಾಶಯಕ್ಕೆ ನೀರು ಬರುತ್ತಿದ್ದುದು ನದಿಯಿಂದ ಮಾತ್ರವಲ್ಲ, ಸುತ್ತಲಿನ ನೆಲದಿಂದ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಊರಿನ ಕೆರೆಗೆ ನೀರು. ಹೀಗೆ ಕೆರೆಯಿಂದ ಕೆರೆಗೆ ಇಳಿದು ಬರುವಾಗ ಹೂಳು, ಕಸ ಅಲ್ಲಲ್ಲೇ ತಂಗುತ್ತಿತ್ತು.

ಅಣೆಕಟ್ಟು ಕಟ್ಟಿದವರು ಆ ನೆಲಕ್ಕೆ ಕಾವಲು ಇಡಲಿಲ್ಲ. ನಗರ ಬೆಳೆದಂತೆ ನದಿಯ ಮೇಲ್ಭಾಗದಲ್ಲಿ ಕಾರ್ಖಾನೆಗಳು, ಬಡಾವಣೆಗಳು ಬಂದವು. ಕಾಲುವೆಗಳು ಮುಚ್ಚಿದವು. ನೀಲಗಿರಿ ತೋಪು, ಕೊಳವೆಬಾವಿ ಎರಡೂ ಅಂತರ್ಜಲವನ್ನು ಹೀರಿದವು. ನದಿಗೆ ಹರಿದದ್ದು ಪಟ್ಟಣಗಳ ಕೊಳಚೆ.

ಕೊನೆಗೆ 2003ರಲ್ಲಿ ಸರ್ಕಾರ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಜಲಾಶಯ ಮತ್ತು ನದಿಯ ಹತ್ತಿರ ಕಟ್ಟಡ, ಕಾರ್ಖಾನೆಗಳಿಗೆ ಕಡಿವಾಣ ಹಾಕಿತು. ಅಷ್ಟರಲ್ಲಿ ಎಪ್ಪತ್ತು ವರ್ಷ ಕಳೆದಿತ್ತು. 2012ರಲ್ಲಿ ಅಲ್ಲಿಂದ ನಗರಕ್ಕೆ ನೀರು ಕೊಡುವುದನ್ನೇ ನಿಲ್ಲಿಸಬೇಕಾಯಿತು. 2019ರಲ್ಲಿ ಆದೇಶವೂ ಸಡಿಲವಾಯಿತು.

ಇಲ್ಲಿ ಹಳ್ಳಿಯವರ ಮಾತನ್ನೂ ಕೇಳಬೇಕು. ನೀರು ಕುಡಿಯುವುದು ನಗರ, ತನ್ನ ಜಮೀನಿನಲ್ಲಿ ಮನೆ ಕಟ್ಟಲಾಗದೆ ಕೂರುವುದು ರೈತ. ಇದು ಯಾವ ನ್ಯಾಯ? ಕೆರೆ ಕಾಯುವವರಿಗೆ ನಗರ ಏನನ್ನೂ ಕೊಡದಿದ್ದರೆ, ಕಾಗದದ ಮೇಲಿನ ಗೆರೆ ನೆಲದ ಮೇಲೆ ನಿಲ್ಲುವುದಿಲ್ಲ.

ನೀರು ಕೆಟ್ಟ ಮೇಲೆ ಶುದ್ಧಿ ಮಾಡುವ ಯಂತ್ರ ತರಬಹುದು. ಆದರೆ ನೀರು ಕೆಡುವುದೋ ಉಳಿಯುವುದೋ ಎಂಬುದು ಅದಕ್ಕೂ ಬಹಳ ಮೊದಲೇ, ಯಾವ ನೆಲದಲ್ಲಿ ಏನು ಕಟ್ಟಬಹುದು ಎಂದು ಸಹಿ ಹಾಕುವ ದಿನವೇ ತೀರ್ಮಾನವಾಗಿರುತ್ತದೆ. ನೀವು ಈಗಿರುವ ಊರಿನ ನಲ್ಲಿಗೂ ಒಂದು ಜಲಾನಯನ ಇದೆ. ಅದು ಎಲ್ಲಿದೆ, ಅಲ್ಲಿ ಏನು ಕಟ್ಟುತ್ತಿದ್ದಾರೆ, ಒಮ್ಮೆ ವಿಚಾರಿಸಿ. ಅರ್ಕಾವತಿಯ ವಿಷಯದಲ್ಲಿ ಈ ಪ್ರಶ್ನೆ ಕೇಳಲು ತುಂಬಾ ತಡವಾಯಿತು.