ಸ್ಪ್ರೆಡ್‌ಶೀಟ್–ಸ್ಕಾಡಾ ಜೋಡಣೆ

ಕಾರ್ಖಾನೆ, ವಿದ್ಯುತ್ ಕೇಂದ್ರ, ನೀರಾವರಿ ಪಂಪ್‌ಹೌಸ್‌ಗಳ ನಿಯಂತ್ರಣ ವ್ಯವಸ್ಥೆಗೆ ಸ್ಕಾಡಾ ಎಂಬ ಹೆಸರು ರೂಢಿಯಲ್ಲಿದೆ. ಅದರಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಅಂಕಿಗಳನ್ನು ಕೈಯಿಂದ ತುಂಬದೆ ನೇರವಾಗಿ ಎಕ್ಸೆಲ್ ಹಾಳೆಯ ಸೆಲ್‌ಗಳಿಗೆ ತರಿಸಿಕೊಳ್ಳುವುದೇ ಈ ಜೋಡಣೆ.

ಕಂಪ್ಯೂಟರ್ ಹಾಳೆ, ನಿಯಂತ್ರಣ ಯಂತ್ರಗಳ ಭಾಷೆ ಎಂಬ ಎರಡೂ ಬಳ್ಳಿಗಳು ಒಂದೇ ವರ್ಷ ಚಿಗುರಿದವು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಮಾರುಕಟ್ಟೆಗೆ ಬಂತು. ಅದೇ ವರ್ಷ ಮೋಡಿಕಾನ್ ಕಂಪನಿ ಕಾರ್ಖಾನೆಯ ಕೆಲಸ ನಿಯಂತ್ರಿಸುವ ತನ್ನ ಪಿಎಲ್‌ಸಿ ಯಂತ್ರಗಳು ಮಾತಾಡಿಕೊಳ್ಳಲು ಮೋಡ್‌ಬಸ್ ಎಂಬ ಕಟ್ಟಳೆಯನ್ನು ಪ್ರಕಟಿಸಿತು. ಈ ಎರಡು ಬಳ್ಳಿಗಳು ಕೂಡಿದ್ದು 1987ರಿಂದೀಚೆಗೆ, ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಅಂಕಿ ಸಾಗಿಸುವ ಡಿಡಿಇ ಎಂಬ ಏರ್ಪಾಡು ವಿಂಡೋಸ್ 2.0ರ ಜೊತೆ ಬಂದ ಮೇಲೆ. ಯಾವ ಪ್ರೋಗ್ರಾಂ, ಯಾವ ವಿಷಯ, ಯಾವ ಅಂಶ ಎಂಬ ಮೂರು ಹೆಸರನ್ನು ಸೆಲ್‌ನಲ್ಲಿ ಬರೆದರೆ ಸಾಕು, ಬಾಯ್ಲರಿನ ಉಷ್ಣತೆ ಹಾಳೆಯಲ್ಲಿ ತಾನಾಗಿ ಬದಲಾಗುತ್ತಿತ್ತು. ನಿಯಂತ್ರಣ ಕೊಠಡಿಯ ಪರದೆಯನ್ನು ತಯಾರಕರು ಕಟ್ಟಿಕೊಟ್ಟಂತೆಯೇ ನೋಡಬೇಕು. ಎಕ್ಸೆಲ್ ಹಾಳೆ ಮಾತ್ರ ಎಂಜಿನಿಯರನ ಸ್ವಂತದ್ದು. ಈ ಜೋಡಣೆ ಬೇರೂರಿದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬೇಕು.

ಡಿಡಿಇ ಸಂಖ್ಯೆಯನ್ನಷ್ಟೇ ಕೊಡುತ್ತಿತ್ತು. ತಂತಿ ಕಡಿದರೂ ಕೊನೆಯ ಅಂಕಿ ಸೆಲ್‌ನಲ್ಲಿ ಹಾಗೆಯೇ ಕೂತಿರಬಹುದು, ನೋಡುವವನಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. 1996ರ ಓಪಿಸಿ ಮಾನದಂಡ ಈ ಕೊರತೆಯನ್ನು ತುಂಬಿತು. ಪ್ರತಿ ಅಂಕಿಯ ಜೊತೆ ಅದು ಯಾವ ಹೊತ್ತಿನದು, ನಂಬಬಹುದೇ ಇಲ್ಲವೇ ಎಂಬ ಗುರುತೂ ಬರತೊಡಗಿತು. ಎಕ್ಸೆಲ್ 2002ರಲ್ಲಿ ಆರ್‌ಟಿಡಿ ಎಂಬ ಫಂಕ್ಷನ್ ಸೇರಿತು. ಬೇರೆ ಹೇಳದಿದ್ದರೆ ಅದು ಎರಡು ಸೆಕೆಂಡಿಗೊಮ್ಮೆ ಹೊಸ ಅಂಕಿ ತೋರಿಸುತ್ತದೆ. ಡಿಡಿಇ ಮಾತ್ರ ಬೇಗ ಸಾಯಲಿಲ್ಲ. ದಾಳಿಕೋರರು ಅದನ್ನೇ ಕಳ್ಳಗಿಂಡಿ ಮಾಡಿಕೊಂಡಾಗ, 2017ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ವರ್ಡ್‌ನಲ್ಲಿ ಅದನ್ನು ಮುಚ್ಚಿತು.

ಇಂಥ ಹಾಳೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದಕ್ಕೆ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯವರು ದೂರ ಹೋಗಬೇಕಿಲ್ಲ, ತುಂಗಭದ್ರಾ ಜಲಾಶಯದ ಲೆಕ್ಕ ನೋಡಿದರೆ ಸಾಕು. ಮಾಪಕ ಹೇಳುವುದು ನೀರಿನ ಮಟ್ಟವನ್ನು, ಅಡಿಗಳಲ್ಲಿ. ಪೂರ್ಣ ಮಟ್ಟ 1,633 ಅಡಿ. ರೈತ ಕೇಳುವುದು ಎಷ್ಟು ಟಿಎಂಸಿ ಇದೆ, ಒಳಹರಿವು ಎಷ್ಟು ಎಂದು. ಮಟ್ಟವನ್ನು ಟಿಎಂಸಿ ಮಾಡಲು ಒಂದು ಕೋಷ್ಟಕ ಬೇಕು. ಒಳಹರಿವನ್ನು ಸಂಗ್ರಹದ ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಬಹುದು: ದಿನಕ್ಕೆ ಒಂದು ಟಿಎಂಸಿ ಏರಿದರೆ ಅದು ಸರಾಸರಿ 11,574 ಕ್ಯೂಸೆಕ್‌ಗೆ ಸಮ, ಹೊರಗೆ 5,000 ಕ್ಯೂಸೆಕ್ ಬಿಡುತ್ತಿದ್ದರೆ, ಆವಿಯಾದದ್ದನ್ನು ಬಿಟ್ಟು, ಒಳಹರಿವು 16,574. ಹಾಳೆಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ 105.788ಕ್ಕೆ ಇಳಿದಿದೆ. ಹಾಳೆಯಲ್ಲಿ ಹಳೆಯ ಕೋಷ್ಟಕವೇ ಉಳಿದರೆ, ಮಟ್ಟ ಈ ಕ್ಷಣದ್ದಾದರೂ ಟಿಎಂಸಿ ಲೆಕ್ಕ ಹಳೇ ಕಾಲದ್ದೇ. ಓಪಿಸಿಯ ಗುರುತು ಇದನ್ನು ಹಿಡಿಯಲಾರದು.

ವಿದ್ಯುತ್ತಿನಲ್ಲಿ ಹಾಳೆಯ ಉದ್ದವನ್ನು ನಿಯಮವೇ ಗೊತ್ತುಮಾಡಿತು. 2003ರ ಜನವರಿ 1ರಿಂದ ವಿದ್ಯುತ್ ಜಾಲದ ದಕ್ಷಿಣ ವಲಯದಲ್ಲಿ ಲಭ್ಯತೆ ಆಧಾರಿತ ದರಪದ್ಧತಿ ಜಾರಿಯಾಗಿ, ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಲಾಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2015ರ ನಿಯಮಾವಳಿ ಗಾಳಿ, ಸೌರ ವಿದ್ಯುತ್ತಿಗೂ ಇದನ್ನೇ ತಂದಿತು. ಉತ್ಪಾದಕರು ಮೊದಲೇ ಹೇಳಿದ್ದಕ್ಕೂ ನಿಜವಾಗಿ ಬಂದದ್ದಕ್ಕೂ ಇರುವ ಅಂತರ, ಲಭ್ಯ ಸಾಮರ್ಥ್ಯದ ಶೇ 15 ದಾಟಿದರೆ ದಂಡ ಎಂದು ಅದು ವಿಧಿಸಿತು. ಹೀಗಾಗಿ ಹರಪನಹಳ್ಳಿ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆ ತಿರುಗಿದರೆ, ಅದರ ಅಂಕಿ ಸ್ಕಾಡಾ ದಾರಿಯಲ್ಲಿ ಎಲ್ಲೋ ಒಂದು ಹಾಳೆಯ 96 ಸಾಲುಗಳ ಎದುರು ಬಂದು ನಿಲ್ಲಬೇಕು. ಆಷಾಢದ ಗಾಳಿ ಆ ಪಟ್ಟಿಯನ್ನು ಓದಿಕೊಂಡು ಬೀಸುವುದಿಲ್ಲ.