ಯಾಕೋಬನ ಎರಡು ಭಯಗಳು

ವಂಚನೆಯಿಂದ ತಂದೆಯ ಆಶೀರ್ವಾದ ಪಡೆದು ದೇಶ ತೊರೆದಿದ್ದ ಯಾಕೋಬನು 20 ವರ್ಷಗಳ ತರುವಾಯ ಮರಳುತ್ತಿದ್ದಾಗ, ಅಣ್ಣನಾದ ಏಸಾವನು 400 ಜನರೊಡನೆ ಎದುರು ಬರುತ್ತಿರುವ ವಾರ್ತೆ ತಲುಪಿತು. ಅವನು ಭಯಗೊಂಡನೆಂದೂ ಸಂಕಟಪಟ್ಟನೆಂದೂ ಯೆಹೂದಿ ಧರ್ಮಗ್ರಂಥವು ಹೇಳುತ್ತದೆ. ಎರಡು ಮಾತುಗಳೇಕೆ? ಫ್ರಾನ್ಸಿನ ತ್ರುವಾ ನಗರದ ಮಹಾವ್ಯಾಖ್ಯಾನಕಾರರಾದ ರಾಶಿಯವರು (1040–1105) ಪ್ರಾಚೀನ ಪರಂಪರೆಯನ್ನು ಅನುಸರಿಸಿ ಉತ್ತರಿಸುತ್ತಾರೆ: ಭಯವು ತಾನು ಹತನಾದೇನೆಂದು, ಸಂಕಟವು ತಾನು ಪರರನ್ನು ಕೊಂದೇನೆಂದು. ಅಹಿಂಸಾವ್ರತಿಗಳಿಗೆ ಈ ಎರಡನೆಯ ಅಂಜಿಕೆಯೇ ಹಿರಿದೆನಿಸೀತು. ರಾಶಿಯವರು ವಿದ್ಯೆ ಕಲಿತ ಮೈನ್ಸ್, ವೋರ್ಮ್ಸ್ ನಗರಗಳ ಯೆಹೂದಿಗಳು ಅವರ ಜೀವಿತಕಾಲದಲ್ಲಿಯೇ, 1096ರಲ್ಲಿ, ಕ್ರೂಸೇಡ್ ಪಡೆಗಳ ಖಡ್ಗಕ್ಕೆ ಬಲಿಯಾದರು. ಯಾಕೋಬನಾದರೋ ಹಿಂದಿರುಗಲಿಲ್ಲ. ಕಾಣಿಕೆ ಕಳುಹಿಸಿದನು, ಪ್ರಾರ್ಥಿಸಿದನು, ಯುದ್ಧಕ್ಕೂ ಅಣಿಯಾದನು. ಕಡೆಗೆ ಹೆಂಡಿರು ಮಕ್ಕಳಿಗಿಂತ ಮುಂದಾಗಿ ನಡೆದು ಏಳು ಬಾರಿ ನೆಲದವರೆಗೆ ಬಾಗಿದನು. ಏಸಾವನು ಓಡಿಬಂದು ತಬ್ಬಿಕೊಂಡನು, ಇಬ್ಬರೂ ಅತ್ತರು.