ಕವಿಯ ಉದ್ದೇಶವೂ ಮಕ್ಕಳ ವಿವೇಕವೂ

ಗ್ರಂಥವೊಂದನ್ನು ಕೈಗೆತ್ತಿಕೊಂಡವನು ಮೊದಲು ವಿಚಾರಿಸಬೇಕಾದುದು, ಕೃತಿಕಾರನು ಅದನ್ನು ಯಾರಿಗಾಗಿ, ಏತಕ್ಕಾಗಿ ಬರೆದನೆಂಬುದನ್ನು. ನಮ್ಮ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಇದನ್ನು ತಿಳಿಸಲು ನಾನು ಆರಿಸಿಕೊಂಡದ್ದು ಕವಿಚಕ್ರವರ್ತಿ ರನ್ನನ ಎರಡು ಕೃತಿಗಳನ್ನು.

ರನ್ನನು 949ರಲ್ಲಿ, ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಜನಿಸಿದನು. ವಿದ್ಯೆಯನ್ನರಸಿ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯವನ್ನು ಪಡೆದನು. ಮುಂದೆ ಚಾಳುಕ್ಯರ ಆಸ್ಥಾನದಲ್ಲಿ ಕೀರ್ತಿವಂತನಾದನು.

993ರ 'ಅಜಿತಪುರಾಣ' ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ ರಚಿತವಾದುದು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಈಕೆ. ಲಕ್ಕುಂಡಿಯ ಬ್ರಹ್ಮಜಿನಾಲಯವೂ ಈಕೆಯದೇ. ದ್ವಿತೀಯ ತೀರ್ಥಂಕರನ ಚರಿತೆಯನ್ನು ಹೇಳಿ ಓದುಗನ ಮನಸ್ಸನ್ನು ವೈರಾಗ್ಯದ ಕಡೆಗೆ ತಿರುಗಿಸುವುದು ಇದರ ಉದ್ದೇಶ. ಇನ್ನೊಂದು, 'ಸಾಹಸಭೀಮವಿಜಯ' ಎಂಬ ಹೆಸರೂ ಉಳ್ಳ 'ಗದಾಯುದ್ಧ'. ಇಲ್ಲಿ ತನ್ನ ಒಡೆಯನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕೊಂಡಾಡುವುದು ಕವಿಯ ಸಂಕಲ್ಪ. ಆದುದರಿಂದಲೇ ಕಾವ್ಯವು ಭೀಮನ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ.

ಪಾಠ ಮುಗಿಸಿ, 'ಗದಾಯುದ್ಧದ ಉದ್ದೇಶವೇನು?' ಎಂದು ಬರೆಯಲು ಹೇಳಿದೆ. ಏಳನೆಯ ತರಗತಿಯ ಬಾಲಕಿಯೊಬ್ಬಳು, 'ದುರ್ಯೋಧನನಿಗಾಗಿ ನಾವು ಅಳಬೇಕೆಂದು' ಎಂದು ಬರೆದಳು. ನಾನು ತಪ್ಪೆಂದು ಗುರುತು ಹಾಕಿದೆ. ಒಂದು ರಕಮನ್ನು ಒಂದೇ ಖಾತೆಗೆ ಬರೆಯುವುದು ವ್ಯಾಪಾರಿಯಾದ ನನ್ನ ರೂಢಿ; ರಾಜಸ್ತುತಿಯ ಖಾತೆಯಲ್ಲಿ ಕಣ್ಣೀರಿಗೆ ಸ್ಥಳವಿರಲಿಲ್ಲ.

ಅಂದು ರಾತ್ರಿ ಕಾವ್ಯವನ್ನು ಮತ್ತೆ ತೆರೆದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ಗುರುವಿಗಾಗಿ, ತಮ್ಮನಿಗಾಗಿ, ಗೆಳೆಯ ಕರ್ಣನಿಗಾಗಿ ಶೋಕಿಸುತ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಆ ಬಾಲಕನ ಶೌರ್ಯವನ್ನು ಹೊಗಳಿ, ತನಗೂ ಅಂತಹ ಮರಣವೇ ಬರಲೆಂದು ಹಾರೈಸುತ್ತಾನೆ. ಹೊಗಳಿಕೆಯೊಂದೇ ಗುರಿಯಾಗಿದ್ದರೆ ಕವಿಗೆ ಈ ಸನ್ನಿವೇಶದ ಅಗತ್ಯವೇನಿತ್ತು? ಬಾಲಕಿಯ ಉತ್ತರ ಅಪೂರ್ಣವಾಗಿದ್ದಿತೇ ಹೊರತು ತಪ್ಪಾಗಿರಲಿಲ್ಲ. ನನ್ನ ಉತ್ತರವೂ ಅಷ್ಟೇ ಅಪೂರ್ಣವಾಗಿದ್ದಿತು.

ವಸ್ತುವಿಗೆ ಅನೇಕ ಧರ್ಮಗಳುಂಟೆಂದು ಸಾರುವ ಅನೇಕಾಂತವನ್ನು ನಾವು ಪರ್ಯೂಷಣದ ಪ್ರವಚನಗಳಲ್ಲಿ ಕೇಳುತ್ತೇವೆ. ಮಗುವಿನ ಉತ್ತರಪತ್ರಿಕೆಯ ಮುಂದೆ ಮರೆಯುತ್ತೇವೆ. ಆಶ್ರಯದಾತನ ಋಣವನ್ನು ತೀರಿಸುವುದು ಒಂದು ಉದ್ದೇಶ. ವೈರಿಯಲ್ಲಿಯೂ ಮನುಷ್ಯನನ್ನು ಕಾಣಿಸುವುದು ಇನ್ನೊಂದು. ಮೊದಲನೆಯದನ್ನು ಕವಿಯೇ ಬಾಯಿಬಿಟ್ಟು ಹೇಳುತ್ತಾನೆ. ಎರಡನೆಯದನ್ನು ಓದುಗನು ಕೃತಿಯೊಳಗಿನ ಆಧಾರದಿಂದ ಕಂಡುಕೊಳ್ಳಬೇಕು. ಆಧಾರವಿಲ್ಲದೆ ಉದ್ದೇಶವನ್ನು ಆರೋಪಿಸುವುದು ಕವಿಗೆ ಬಗೆಯುವ ಅನ್ಯಾಯ. ಇದನ್ನೂ ಮಕ್ಕಳಿಗೆ ಹೇಳಬೇಕು.

ಮರುವಾರ ಆ ಬಾಲಕಿಯ ಪುಸ್ತಕವನ್ನು ಕೇಳಿ ಪಡೆದು, ಎಲ್ಲರ ಎದುರಿನಲ್ಲಿ ನನ್ನ ಗುರುತನ್ನು ತಿದ್ದಿ, 'ಯಾವ ಸನ್ನಿವೇಶದಿಂದ ನಿನಗೆ ಹಾಗೆನ್ನಿಸಿತಮ್ಮಾ?' ಎಂದು ಕೇಳಿದೆ. 'ಅಭಿಮನ್ಯುವಿನ ಹತ್ತಿರ ನಿಂತಾಗ, ಅಜ್ಜಾ' ಎಂದಳು.

ಪಾಠಶಾಲೆಗಳನ್ನು ನಡೆಸುವ ಟ್ರಸ್ಟಿನ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳಿಗೆ ಉತ್ತರಗಳನ್ನು ಕಂಠಪಾಠ ಮಾಡಿಸುವ ಮೊದಲು, 'ಏತಕ್ಕಾಗಿ ಬರೆದನು? ಹಾಗೆನ್ನಲು ಆಧಾರವೇನು?' ಎಂಬ ಎರಡು ಪ್ರಶ್ನೆಗಳನ್ನು ಅವರ ಕೈಗೆ ಕೊಡೋಣ.